25 ವರ್ಷ ಬುದ್ಧನ ಜೊತೆಗಿದ್ದೂ ದಡ ಸೇರದ ಆನಂದ

ಪ್ರಶ್ನೆ: ನನಗೆ 52 ವರ್ಷ, ಗೃಹಸ್ಥ. 11 ವರ್ಷದ ಹಿಂದೆ ಹತ್ತು ದಿನಗಳ ಧ್ಯಾನ ಶಿಬಿರಕ್ಕೆ ಹೋಗಿ ಬಂದೆ. ಅಂದಿನಿಂದ ದಿನಾ ಬೆಳಗಿನ ಜಾವ ಎದ್ದು ಕೂರುತ್ತೇನೆ. ಅರ್ಧ ಹೊತ್ತು ತೂಕಡಿಕೆಯಲ್ಲೇ ಹೋಗುತ್ತದೆ. ಮಗನ ಮೇಲೆ ರೇಗುವುದು ಇವತ್ತಿಗೂ ನಿಂತಿಲ್ಲ. ಸ್ಫೂರ್ತಿ ಸಿಗಲೆಂದು ಬುದ್ಧನ ಶಿಷ್ಯರ ಕಥೆ ಓದಲು ಹಿಡಿದರೆ, ಅವರೆಲ್ಲ ಒಂದು ಗಾಥೆ ಕೇಳಿದ ಮಾತ್ರಕ್ಕೆ ಮುಕ್ತರಾಗಿಬಿಡುತ್ತಾರೆ. ಓದಿ ಮುಗಿಸುವಷ್ಟರಲ್ಲಿ ನಾನು ಇನ್ನಷ್ಟು ಕುಗ್ಗಿಹೋಗಿರುತ್ತೇನೆ. ಈ ಕಥೆಗಳು ನಿಜವೇ? ನನ್ನಂಥವನು ಯಾರ ಬದುಕನ್ನು ಓದಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಒಂದು ಗಾಥೆ ಕೇಳಿದ ಮಾತ್ರಕ್ಕೆ' ಎಂಬ ಮಾತು. ಪಾಳಿ ಕಲಿಯಲು ಶುರುಮಾಡಿದ ಮೊದಲ ವರ್ಷಗಳಲ್ಲಿ ನನಗೂ ಹಾಗೆಯೇ ಅನಿಸುತ್ತಿತ್ತು. ಆಮೇಲೆ ಮೂಲವನ್ನು ನಿಧಾನವಾಗಿ ಓದುತ್ತ ಹೋದ ಹಾಗೆ, ನಮ್ಮ ಕೈಗೆ ಬರುವ ಸಂಗ್ರಹಗಳು ಆ ಬದುಕುಗಳ ಕೊನೆಯ ಪುಟವನ್ನಷ್ಟೇ ಹರಿದು ಕೊಡುತ್ತವೆ ಎಂಬುದು ತಿಳಿಯಿತು. ಅದರ ಹಿಂದಿನ ಪುಟಗಳನ್ನು ಬೌದ್ಧ ಗ್ರಂಥಗಳು ಮುಚ್ಚಿಟ್ಟಿಲ್ಲ. ನಾವೇ ಅಲ್ಲಿ ನಿಲ್ಲುವುದಿಲ್ಲ.

ಒಂದೇ ಗಾಥೆಗೆ ಎಲ್ಲರೂ ಕೊಡುವ ಉದಾಹರಣೆ ಸಾರಿಪುತ್ತನದು. ಉಪತಿಸ್ಸ, ಕೋಲಿತ ಎಂಬ ಇಬ್ಬರು ಗೆಳೆಯರು ಮನೆ ಬಿಟ್ಟು ಸಂಜಯನೆಂಬ ಪರಿವ್ರಾಜಕನ ಶಿಷ್ಯರಾಗಿದ್ದರು. ಅಲ್ಲಿ ತೃಪ್ತಿ ಸಿಗದೆ, ಯಾರಿಗೆ ಮೊದಲು ದಾರಿ ಸಿಕ್ಕರೂ ಇನ್ನೊಬ್ಬನಿಗೆ ಹೇಳಬೇಕೆಂದು ಮಾತು ಕೊಟ್ಟುಕೊಂಡಿದ್ದರು. ರಾಜಗಹದ ಬೀದಿಯಲ್ಲಿ ಭಿಕ್ಷೆಗೆ ಹೊರಟಿದ್ದ ಬುದ್ಧನ ಶಿಷ್ಯ ಅಸ್ಸಜಿಯ ನಡಿಗೆಯನ್ನು ಕಂಡು, ಮುಂದೆ ಸಾರಿಪುತ್ತನೆಂದು ಹೆಸರಾದ ಉಪತಿಸ್ಸ ಹಿಂಬಾಲಿಸಿದ. ಭಿಕ್ಷೆ ಮುಗಿಯುವ ತನಕ ಕಾದು, ಆಮೇಲೆ ಕೇಳಿದ. ಅಸ್ಸಜಿ ಹೇಳಿದ್ದು ಒಂದೇ ಗಾಥೆ, ನಿಜ: ಕಾರಣದಿಂದ ಹುಟ್ಟುವ ಸಂಗತಿಗಳಿಗೆ ತಥಾಗತ ಕಾರಣವನ್ನೂ ಹೇಳಿದ್ದಾನೆ, ಅವು ಅಡಗುವುದನ್ನೂ ಹೇಳಿದ್ದಾನೆ. ಆದರೆ ಆ ಕ್ಷಣದಲ್ಲಿ ಸಾರಿಪುತ್ತ ಸೋತಾಪನ್ನನಾದ, ಎಂದರೆ ಹೊಳೆಗೆ ಇಳಿದ. ನಾಲ್ಕು ಹಂತಗಳಲ್ಲಿ ಮೊದಲನೆಯದು ಅದು. ಕೊನೆಯ ಹಂತ ಮುಟ್ಟಿ ಅರಹಂತನಾದದ್ದು, ಎಂದರೆ ಪೂರ್ತಿ ಮುಕ್ತನಾದದ್ದು, ಎರಡು ವಾರದ ಬಳಿಕ, ಬುದ್ಧ ಇನ್ನೊಬ್ಬನ ಜೊತೆ ಮಾತಾಡುತ್ತಿದ್ದಾಗ ಹಿಂದೆ ನಿಂತು ಬೀಸಣಿಗೆ ಬೀಸುತ್ತಿದ್ದ ಹೊತ್ತಿನಲ್ಲಿ. ಸಂಜಯನ ಬಳಿ ಕಳೆದ ಕಾಲವನ್ನೂ ಆ ಹುಡುಕಾಟವನ್ನೂ ಬಿಟ್ಟರೆ ಗಾಥೆ ಬರೀ ಗಾಥೆ.

ಇನ್ನು ತೂಕಡಿಕೆ. ಕೋಲಿತ ಎಂದರೆ ಮಹಾಮೊಗ್ಗಲ್ಲಾನ, ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಎರಡನೆಯವನು, ಋದ್ಧಿಬಲದಲ್ಲಿ ಎಲ್ಲರಿಗಿಂತ ಮುಂದೆ ಎಂದು ಹೆಸರಾದವನು. ಬುದ್ಧನ ಉಪದೇಶಗಳ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯದ ಏಳರ ವರ್ಗದಲ್ಲಿ ಅವನು ಮಗಧದ ಒಂದು ಹಳ್ಳಿಯಲ್ಲಿ ಕುಳಿತು ತೂಕಡಿಸುತ್ತಿದ್ದಾನೆ. 'ತೂಕಡಿಸುತ್ತಿದ್ದೀಯಾ ಮೊಗ್ಗಲ್ಲಾನ?' ಎಂದು ಬುದ್ಧ ಕೇಳುತ್ತಾನೆ. 'ಹೌದು ಭಂತೇ (ಪೂಜ್ಯರೇ).' ಆಮೇಲೆ ಬರುವ ಮಾತಿನಲ್ಲಿ ಗದರಿಕೆಯ ಸುಳಿವೇ ಇಲ್ಲ, ಬರೀ ಮನೆಮದ್ದಿನಂಥ ಸಲಹೆಗಳು. ಯಾವ ಯೋಚನೆಯಲ್ಲಿದ್ದಾಗ ನಿದ್ದೆ ಬಂತೋ ಆ ಯೋಚನೆ ಬಿಡು. ಹೋಗದಿದ್ದರೆ ಕೇಳಿದ ಧರ್ಮವನ್ನು ಮನಸ್ಸಿನಲ್ಲೇ ತಿರುವಿ ಹಾಕು. ಅದಕ್ಕೂ ಹೋಗದಿದ್ದರೆ ಬಾಯಿಬಿಟ್ಟು ಹೇಳಿಕೋ. ಎರಡೂ ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರಗಳನ್ನು ನೋಡು. ಮನಸ್ಸಿನಲ್ಲಿ ಬೆಳಕನ್ನು ತಂದುಕೋ. ಅಡ್ಡಾಡು. ಏನು ಮಾಡಿದರೂ ಹೋಗದಿದ್ದರೆ, ಏಳುವ ಸಮಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬಲಮಗ್ಗುಲಾಗಿ ಮಲಗು. ಅಗ್ರಶಿಷ್ಯನಾಗಲಿದ್ದವನು ನಿದ್ದೆಗೆ ಜಾರಿದ್ದನ್ನು ಸಂಘ ಮರೆಮಾಚಲಿಲ್ಲ. ಬಾಯಿಪಾಠ ಮಾಡಿ ಮುಂದಿನವರಿಗೆ ದಾಟಿಸಿತು.

ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉತ್ತರ ಥೇರೀಗಾಥೆಯಲ್ಲಿದೆ. ಮೊದಲ ತಲೆಮಾರುಗಳ ಭಿಕ್ಷುಣಿಯರ 73 ಪದ್ಯಗುಚ್ಛಗಳ ಸಂಗ್ರಹ ಇದು. ಇಷ್ಟು ಹಳೆಯ ಕಾಲದ ಹೆಣ್ಣುಮಕ್ಕಳ ದನಿ ಇಷ್ಟು ತುಂಬಿಕೊಂಡ ಪುಸ್ತಕ ಜಗತ್ತಿನಲ್ಲೇ ಅಪರೂಪ. ಇದರಲ್ಲಿ ಪಟಾಚಾರೆ ಇದ್ದಾಳೆ. ಅವಳ ದುರಂತ ನಿಮಗೆ ಗೊತ್ತಿರಬಹುದು: ಸಾವತ್ಥಿಯ ಶ್ರೀಮಂತರ ಮಗಳು ಮನೆಯ ಆಳಿನ ಜೊತೆ ಓಡಿಹೋಗಿ, ಒಂದೇ ರಾತ್ರಿ ಹಗಲಲ್ಲಿ ಗಂಡನನ್ನು ಹಾವಿಗೆ, ಹಸುಗೂಸನ್ನು ಗಿಡುಗಕ್ಕೆ, ಹಿರಿಮಗನನ್ನು ಹೊಳೆಗೆ ಕಳೆದುಕೊಂಡು, ತವರಿಗೆ ಬಂದರೆ ತಂದೆ ತಾಯಿ ಅಣ್ಣ ಮೂವರೂ ಮನೆ ಕುಸಿದು ಸತ್ತಿದ್ದರು ಎಂಬ ಕಥೆ. ಇದನ್ನು ಹೇಳುವುದು ಅಟ್ಠಕಥೆ, ಎಂದರೆ ಆಮೇಲೆ ಬಂದ ವ್ಯಾಖ್ಯಾನ. ಅವಳದೇ ಎನ್ನುವ ಗಾಥೆಗಳಲ್ಲಿ ಇದರ ಸುದ್ದಿಯೇ ಇಲ್ಲ. ಅಲ್ಲಿರುವುದು ಒಂದು ದೂರು. ಗಂಡಸರು ನೇಗಿಲು ಹೂಡಿ ಹೊಲ ಉಳುತ್ತಾರೆ, ಬೀಜ ಬಿತ್ತುತ್ತಾರೆ, ಹೆಂಡತಿ ಮಕ್ಕಳನ್ನು ಸಾಕುತ್ತಾರೆ, ನಾಲ್ಕು ಕಾಸು ಕಾಣುತ್ತಾರೆ. ನಾನು ಶೀಲ ತಪ್ಪಿದವಳಲ್ಲ, ಗುರು ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ, ಸೋಮಾರಿಯಲ್ಲ, ಚಂಚಲೆಯೂ ಅಲ್ಲ. ಮತ್ತೆ ನನಗೇಕೆ ನಿಬ್ಬಾಣ (ನಿರ್ವಾಣ) ಸಿಗುತ್ತಿಲ್ಲ?

ಇದು ಹೆಚ್ಚುಕಡಿಮೆ ನಿಮ್ಮದೇ ಮಾತು. ದುಡಿದವನಿಗೆ ಕೂಲಿ ಸಿಗುತ್ತದೆ, ನನಗೇಕಿಲ್ಲ ಎನ್ನುವ ಲೆಕ್ಕ.

ಮುಂದಿನ ಸಾಲುಗಳಲ್ಲಿ ಅವಳು ಕಾಲು ತೊಳೆಯುತ್ತಿದ್ದಾಳೆ. ತೊಳೆದ ನೀರು ಎತ್ತರದಿಂದ ತಗ್ಗಿಗೆ ಹರಿದುಹೋಗುವುದನ್ನು ನೋಡುತ್ತಾಳೆ. ನೋಡುತ್ತ ಮನಸ್ಸು ಒಂದೆಡೆ ನಿಲ್ಲುತ್ತದೆ, ಒಳ್ಳೆಯ ಜಾತಿಯ ಕುದುರೆ ಪಳಗಿದ ಹಾಗೆ. ದೀಪ ಹಿಡಿದು ಗುಡಿಸಲೊಳಗೆ ಹೋಗಿ, ಹಾಸಿಗೆ ನೋಡಿಕೊಂಡು, ಮಂಚದ ಮೇಲೆ ಕೂರುತ್ತಾಳೆ. ಸೂಜಿಯಿಂದ ಬತ್ತಿಯನ್ನು ಕೆಳಗೆಳೆಯುತ್ತಾಳೆ. ದೀಪ ಆರಿದ ಹಾಗೆ ಚಿತ್ತಕ್ಕೆ ಬಿಡುಗಡೆಯಾಯಿತು ಎನ್ನುತ್ತಾಳೆ. ಪಾಳಿಯಲ್ಲಿ ದೀಪ ಆರುವುದಕ್ಕೂ ಬಿಡುಗಡೆಗೂ ನಿಬ್ಬಾಣವೆಂಬ ಒಂದೇ ಮಾತಿನ ನಂಟು. ಇಡೀ ಪದ್ಯದಲ್ಲಿ ಒಂದೂ ಪವಾಡವಿಲ್ಲ. ದಿನವೂ ಮಲಗುವ ಮುಂಚೆ ಮಾಡುವ ಕೆಲಸಗಳಷ್ಟೇ: ಕಾಲು ತೊಳೆಯುವುದು, ಹಾಸಿಗೆ ನೋಡಿಕೊಳ್ಳುವುದು, ದೀಪ ಆರಿಸುವುದು. ಇದನ್ನು ಎಷ್ಟು ಸಾವಿರ ರಾತ್ರಿ ಅವಳು ಮಾಡಿದ್ದಳೋ.

ಈ ಪದ್ಯಕ್ಕೆ ಅಂಟಿಕೊಂಡಂತೆ ಇನ್ನೊಂದು ಪದ್ಯವಿದೆ. ಪಟಾಚಾರೆಯ ಶಿಷ್ಯೆಯರಾದ 30 ಭಿಕ್ಷುಣಿಯರು ತಮ್ಮ ಗುರು ಹೇಳಿದ್ದನ್ನು ನೆನೆಯುತ್ತಾರೆ. ಒನಕೆ ಹಿಡಿದು ಧಾನ್ಯ ಕುಟ್ಟಿ ಜನ ಬದುಕು ಸಾಗಿಸುತ್ತಾರೆ, ನೀವು ಬುದ್ಧನ ಕೆಲಸ ಮಾಡಿ, ಬೇಗ ಕಾಲು ತೊಳೆದು ಒಂದು ಕಡೆ ಕುಳಿತುಕೊಳ್ಳಿ ಎಂದಳಂತೆ. ಅವಳಿಗೆ ದಾರಿ ತೆರೆದದ್ದು ಕಾಲು ತೊಳೆಯುವಾಗ. ಶಿಷ್ಯೆಯರಿಗೂ ಅಲ್ಲಿಂದಲೇ ಶುರುಮಾಡಿಸಿದಳು. ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಅದೇ ಸಂಗ್ರಹದಲ್ಲಿ ಸಾಮಾ ಎಂಬ ಥೇರಿಯ, ಎಂದರೆ ಹಿರಿಯ ಭಿಕ್ಷುಣಿಯ ಸಾಲು: ಮನೆ ಬಿಟ್ಟು 25 ವರ್ಷವಾಯಿತು, ಒಮ್ಮೆಯಾದರೂ ಮನಸ್ಸಿಗೆ ಸಮಾಧಾನ ಸಿಕ್ಕಿದ ನೆನಪಿಲ್ಲ. ಉತ್ತಮಾ ಎಂಬವಳು ನಾಲ್ಕೈದು ಸಲ ಕೂತಲ್ಲಿ ಕೂರಲಾರದೆ ವಿಹಾರದಿಂದ ಎದ್ದು ಹೊರಗೆ ಬಂದೆ ಎನ್ನುತ್ತಾಳೆ. ನಿಮ್ಮ 11 ವರ್ಷವನ್ನು ಇವರ ಪಕ್ಕದಲ್ಲಿಟ್ಟು ನೋಡಿ.

ಈಗ ಆನಂದ. ನನ್ನನ್ನು ಕೇಳಿದರೆ ಬುದ್ಧನ ಶಿಷ್ಯರಲ್ಲಿ ಒಬ್ಬನನ್ನೇ ಆರಿಸಿಕೋ ಎಂದಾಗ ನನ್ನ ಬೆರಳು ಹೋಗುವುದು ಅವನ ಕಡೆಗೇ. ಬುದ್ಧನ ದಾಯಾದಿ ತಮ್ಮ. 25 ವರ್ಷ ನೆರಳಿನಂತೆ ಜೊತೆಗಿದ್ದು ನೀರು ತಂದುಕೊಟ್ಟ, ಚೀವರ ಎಂಬ ಭಿಕ್ಷುವಸ್ತ್ರ ಹೊಲಿದ, ಬಂದವರನ್ನು ಒಳಗೆ ಬಿಟ್ಟ. ಕೇಳಿದ ಒಂದೊಂದು ಮಾತನ್ನೂ ನೆನಪಿನಲ್ಲಿಟ್ಟ. 84,000 ಧರ್ಮೋಪದೇಶಗಳು ತನ್ನಲ್ಲಿವೆ, 82,000 ಬುದ್ಧನಿಂದ, 2,000 ಭಿಕ್ಷುಗಳಿಂದ ಎಂದು ಹಿರಿಯ ಭಿಕ್ಷುಗಳ ಪದ್ಯಸಂಗ್ರಹವಾದ ಥೇರಗಾಥೆಯಲ್ಲಿ ಅವನೇ ಹೇಳುತ್ತಾನೆ. ಇಷ್ಟಾಗಿಯೂ ಬುದ್ಧ ಕಣ್ಮುಚ್ಚುವ ಹೊತ್ತಿಗೆ ಆನಂದ ಇನ್ನೂ ಸೇಖ, ಕಲಿಯುತ್ತಿರುವವನು. ಅವನ ಕಣ್ಣೆದುರೇ ಎಷ್ಟೋ ಜನ ಬಂದರು, ಒಂದು ಮಾತು ಕೇಳಿದರು, ಅರಹಂತರಾದರು. ಬಾಗಿಲು ತೆರೆದು ಅವರನ್ನು ಒಳಗೆ ಬಿಟ್ಟವನು ಹೊಸ್ತಿಲಲ್ಲೇ ಉಳಿದ.

ಕುಸಿನಾರದಲ್ಲಿ ಎರಡು ಸಾಲಮರಗಳ ನಡುವೆ ಬುದ್ಧ ಮಲಗಿದ್ದಾಗ ಆನಂದ ಅಲ್ಲಿಂದ ಎದ್ದುಹೋದ. ವಿಹಾರದೊಳಗೆ ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದ. 'ನಾನಿನ್ನೂ ಸೇಖ, ಮಾಡಬೇಕಾದದ್ದು ಬಾಕಿ ಇದೆ. ನನ್ನ ಮೇಲೆ ಕರುಣೆಯಿಟ್ಟ ಗುರು ಹೋಗುತ್ತಿದ್ದಾರೆ.' ಬುದ್ಧ ಸುತ್ತ ನೋಡಿ ಆನಂದ ಎಲ್ಲಿ ಎಂದು ಕೇಳಿದ, ಕರೆಸಿದ. ಬಹುಕಾಲ ನೀನು ಕಾಯಾ ವಾಚಾ ಮನಸಾ ಮೈತ್ರಿಯಿಂದ ನನ್ನನ್ನು ನೋಡಿಕೊಂಡೆ, ಪುಣ್ಯ ಮಾಡಿದ್ದೀಯ, ಪ್ರಯತ್ನಕ್ಕೆ ತೊಡಗು, ಬೇಗ ಮುಕ್ತನಾಗುತ್ತೀಯ ಎಂದ. ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ. ನೀರು ಹೊತ್ತದ್ದು, ಬಟ್ಟೆ ಹೊಲಿದದ್ದು ಯಾವುದೂ ದಂಡವಾಗಿಲ್ಲ ಎಂದು ಎಲ್ಲರೆದುರು ಹೇಳಿದ.

ಆಮೇಲೆ ನಡೆದದ್ದನ್ನು ವಿನಯದ, ಎಂದರೆ ಸಂಘದ ನಿಯಮಗಳ ಗ್ರಂಥದ, ಚುಲ್ಲವಗ್ಗ ಎಂಬ ಭಾಗ ಹೇಳುತ್ತದೆ. ರಾಜಗಹದಲ್ಲಿ 500 ಹಿರಿಯರು ಸೇರಿ ಬುದ್ಧವಚನವನ್ನು ಒಟ್ಟಿಗೆ ಹೇಳಿಕೊಳ್ಳಬೇಕೆಂದು ಹಿರಿಯ ಶಿಷ್ಯ ಮಹಾಕಸ್ಸಪ ನಿಶ್ಚಯಿಸಿದ. 499 ಅರಹಂತರನ್ನು ಆರಿಸಿದ. ಆನಂದನಿಲ್ಲದೆ ಸಂಗೀತಿ, ಎಂದರೆ ಈ ಒಟ್ಟು ಪಠಣ, ನಡೆಯದು, ಎಲ್ಲವನ್ನೂ ಕೇಳಿದವನು ಅವನೇ. ಹಾಗಾಗಿ ಭಿಕ್ಷುಗಳು ಒತ್ತಾಯಿಸಿ ಅವನನ್ನೂ ಸೇರಿಸಿದರು. ನಾಳೆ ಸಭೆ, ಸೇಖನಾಗಿ ನಾನು ಅಲ್ಲಿ ಕೂರುವುದು ಸರಿಯಲ್ಲ ಎಂದುಕೊಂಡು ಆನಂದ ರಾತ್ರಿಯ ಬಹುಪಾಲು ಕಾಯಗತಾಸತಿಯಲ್ಲಿ, ದೇಹದ ಮೇಲೆ ಗಮನವಿಟ್ಟು ಕಳೆದ. ಏನೂ ಆಗಲಿಲ್ಲ. ಬೆಳಗಾಗುತ್ತ ಬಂತು. ಮಲಗೋಣವೆಂದು ಮೈ ಬಾಗಿಸಿದ. ಕಾಲು ನೆಲ ಬಿಟ್ಟಿತ್ತು, ತಲೆ ದಿಂಬಿಗೆ ತಾಗಿರಲಿಲ್ಲ. ಆ ನಡುವೆ ಚಿತ್ತ ಬಿಡುಗಡೆಯಾಯಿತು. ಕೂತಿರಲಿಲ್ಲ, ನಿಂತಿರಲಿಲ್ಲ, ಮಲಗಿರಲಿಲ್ಲ, ನಡೆಯುತ್ತಲೂ ಇರಲಿಲ್ಲ.

ಹೆಚ್ಚಿನ ಪುಸ್ತಕಗಳು ಇಲ್ಲಿ ಕಥೆ ಮುಗಿಸುತ್ತವೆ. ನೀವು ಮುಂದೆ ಓದಬೇಕು. ಅದೇ ಸಭೆಯಲ್ಲಿ, ಆನಂದ ಸುತ್ತಗಳನ್ನೆಲ್ಲ, ಎಂದರೆ ಬುದ್ಧನ ಉಪದೇಶಗಳನ್ನೆಲ್ಲ, ಹೇಳಿ ಮುಗಿಸಿದ ಮೇಲೆ, ಹಿರಿಯರು ಅವನ ತಪ್ಪುಗಳ ಪಟ್ಟಿ ತೆಗೆದರು. ಸಣ್ಣಪುಟ್ಟ ನಿಯಮಗಳು ಯಾವುವೆಂದು ನೀನು ಬುದ್ಧನನ್ನು ಕೇಳಲಿಲ್ಲ. ಹೊಲಿಯುವಾಗ ಅವನ ವಸ್ತ್ರವನ್ನು ತುಳಿದೆ. ಅವನ ದೇಹಕ್ಕೆ ಹೆಂಗಸರು ಮೊದಲು ನಮಿಸಲು ಬಿಟ್ಟೆ, ಅವರ ಕಣ್ಣೀರು ದೇಹಕ್ಕೆ ತಾಗಿತು. ಇನ್ನಷ್ಟು ಕಾಲ ಇರಬೇಕೆಂದು ಬೇಡಿಕೊಳ್ಳಲಿಲ್ಲ. ಹೆಂಗಸರಿಗೆ ಸಂಘದಲ್ಲಿ ಪ್ರವ್ರಜ್ಯೆ (ಸಂನ್ಯಾಸ) ಕೊಡಿಸಲು ಓಡಾಡಿದೆ. ಒಂದೊಂದಕ್ಕೂ ಆನಂದ ತನ್ನ ಕಾರಣ ಹೇಳುತ್ತಾನೆ. ಆಮೇಲೆ ಪ್ರತಿ ಸಲವೂ ಅದೇ ಮಾತು: ನನಗಿದರಲ್ಲಿ ತಪ್ಪು ಕಾಣುವುದಿಲ್ಲ, ಆದರೂ ನಿಮ್ಮ ಮೇಲಿನ ಶ್ರದ್ಧೆಯಿಂದ ತಪ್ಪೆಂದು ಒಪ್ಪುತ್ತೇನೆ. ಮನಸ್ಸಿನಲ್ಲಿದ್ದ ಸತ್ಯವನ್ನೂ ಬಿಡಲಿಲ್ಲ, ಸಂಘವನ್ನೂ ಒಡೆಯಲಿಲ್ಲ. ಪಟಾಚಾರೆಯ ಪದ್ಯ ನಮಗೆ ಸಿಕ್ಕಿರುವುದೇ ಆ ಕೊನೆಯ 'ತಪ್ಪಿ'ನಿಂದ ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಸಂಯುತ್ತ ನಿಕಾಯದಲ್ಲಿ ಇನ್ನೊಂದು ಪ್ರಸಂಗವಿದೆ. ಆನಂದನ 30 ಜನ ಕಿರಿಯ ಶಿಷ್ಯರು ಭಿಕ್ಷುಜೀವನ ಬಿಟ್ಟು ಮನೆಗೆ ಮರಳುತ್ತಾರೆ. ಕಸ್ಸಪ ಅವನನ್ನು 'ಈ ಹುಡುಗನಿಗೆ ತನ್ನ ಅಳತೆ ಗೊತ್ತಿಲ್ಲ' ಎನ್ನುತ್ತಾನೆ. ಆನಂದ ಹೇಳುತ್ತಾನೆ: 'ಭಂತೇ, ನನ್ನ ತಲೆಯಲ್ಲಿ ನರೆ ಬಂದಿದೆ. ಇವತ್ತಿಗೂ ನಿಮ್ಮ ಬಾಯಲ್ಲಿ ಹುಡುಗ ಅನ್ನಿಸಿಕೊಳ್ಳುವುದು ತಪ್ಪಲಿಲ್ಲ.' ಸಾರಿಪುತ್ತನೂ ಹೋಗಿ, ಗುರುವೂ ಹೋದ ಮೇಲೆ ಅವನ ಹೆಸರಿನಲ್ಲಿರುವ ಗಾಥೆಯ ಸಾಲು ಹೀಗೆ: ಹಳಬರೆಲ್ಲ ಹೊರಟುಹೋದರು, ಹೊಸಬರ ಜೊತೆ ನನಗೆ ಹೊಂದದು, ಮಳೆಗಾಲದಲ್ಲಿ ಗೂಡು ಸೇರಿದ ಹಕ್ಕಿಯಂತೆ ಇಂದು ಒಬ್ಬನೇ ಕುಳಿತು ಧ್ಯಾನಿಸುತ್ತೇನೆ. ನನ್ನ ಮಟ್ಟಿಗೆ ಸ್ಫೂರ್ತಿ ಎಂದರೆ ಈ ಮನುಷ್ಯ. ಬಾಗಿಲಿಗೆ ಒರಗಿ ಅತ್ತವನೂ ಅವನೇ, ದಿಂಬಿಗೆ ತಲೆಯೊಡ್ಡಿದವನೂ ಅವನೇ, ಮಳೆಯಲ್ಲಿ ಒಂಟಿ ಹಕ್ಕಿಯಾದವನೂ ಅವನೇ.

ಇವೆಲ್ಲ ನಿಜವೇ ಎಂದು ಕೇಳಿದ್ದೀರಿ. ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲು ಬಾರದು, ಏಕೆಂದರೆ ಪದರಗಳಿವೆ. ಸುತ್ತ, ವಿನಯ, ಗಾಥೆಗಳು ಹಳೆಯ ಪದರ. ಬುದ್ಧನಿಂದ ಸುಮಾರು ಸಾವಿರ ವರ್ಷದ ಬಳಿಕ ಈಗಿನ ರೂಪಕ್ಕೆ ಬಂದ ಅಟ್ಠಕಥೆಗಳು ನಂತರದ್ದು. ಕಿಸಾಗೋತಮಿಯ ಸಾಸಿವೆ ಕಾಳು, ಪಟಾಚಾರೆಯ ದುರಂತ, ಹಿಂದಿನ ಜನ್ಮಗಳ ವಿವರ ಬಹುಮಟ್ಟಿಗೆ ಈ ಎರಡನೆಯ ಪದರದವು. ಅವುಗಳನ್ನು ಬಿಸಾಡಬೇಕೆಂದಲ್ಲ. ನಿಮ್ಮ ಕಾಯಿಲೆಗೆ ಮಾತ್ರ ಹಳೆಯ ಪದರವೇ ಮದ್ದು, ಅಲ್ಲಿ ಬಣ್ಣ ಕಡಿಮೆ.

ಈ ಜನರನ್ನು ಬಹಳ ಹಿಂದಿನಿಂದಲೇ ನಿಜ ಮನುಷ್ಯರೆಂದು ನೆನೆಯುತ್ತಿದ್ದರು ಎಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. 1851ರಲ್ಲಿ ಸಾಂಚಿಯ ಮೂರನೆಯ ಸ್ತೂಪವನ್ನು ತೆರೆದಾಗ ಎರಡು ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಒಂದರ ಮುಚ್ಚಳದ ಮೇಲೆ ಬ್ರಾಹ್ಮಿಯಲ್ಲಿ ಸಾರಿಪುತ್ತನ ಹೆಸರು, ಇನ್ನೊಂದರ ಮೇಲೆ ಮಹಾಮೊಗ್ಗಲ್ಲಾನನ ಹೆಸರು, ಒಳಗೆ ಮೂಳೆಯ ಚೂರುಗಳು. ಇಂಗ್ಲೆಂಡಿಗೆ ಹೋಗಿದ್ದ ಆ ಅವಶೇಷಗಳು ಮರಳಿ ಬಂದು 1952ರಲ್ಲಿ ಸಾಂಚಿಯ ಹೊಸ ವಿಹಾರದಲ್ಲಿ ನೆಲೆಗೊಂಡವು. ಅದಕ್ಕೂ ಹಿಂದಿನದು ಅಶೋಕನ ಬೈರಾಟ್ ಶಾಸನ. ಭಿಕ್ಷು ಭಿಕ್ಷುಣಿಯರೂ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಿ ಮನನ ಮಾಡಬೇಕಾದ ಏಳು ಪಾಠಗಳನ್ನು ಅದರಲ್ಲಿ ಹೆಸರಿಸಿದ್ದಾನೆ. ಒಂದು 'ಉಪತಿಸಪಸಿನೆ', ಉಪತಿಸ್ಸನ ಎಂದರೆ ಸಾರಿಪುತ್ತನ ಪ್ರಶ್ನೆ. ಇನ್ನೊಂದು ಸುಳ್ಳಿನ ವಿಷಯವಾಗಿ ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ ಬುದ್ಧಿಮಾತು.

ಅಶೋಕನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಬಂಡೆಯ ಮೇಲೆ ಅಶೋಕ ತನ್ನ ಸಾಧನೆಯ ಬಗ್ಗೆಯೇ ಬರೆಸಿದ್ದಾನೆ: ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಶ್ರಮಿಸುತ್ತಿದ್ದೇನೆ. ದೊಡ್ಡವರಿಗೆ ಮಾತ್ರ ಎಟುಕುವುದಲ್ಲ ಇದು, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಎಂದೂ ಇದೆ. ಚಕ್ರವರ್ತಿಯೊಬ್ಬ ತನ್ನ ಒಂದು ವರ್ಷದ ಆಲಸ್ಯವನ್ನು ನಮ್ಮ ನಾಡಿನ ಕಲ್ಲಿನಲ್ಲಿ ಕೊರೆಸಿದ್ದಾನೆ.

ಮಗನ ಮೇಲಿನ ಸಿಟ್ಟಿಗೆ ಬರುತ್ತೇನೆ. ಅಶೋಕ ಹೆಸರಿಸಿದ ಆ ರಾಹುಲನ ಪಾಠವೇ ನಿಮಗೆ ಬೇಕಾದದ್ದು. ಮಜ್ಝಿಮ ನಿಕಾಯದ 61ನೆಯ ಸುತ್ತದಲ್ಲಿ ಅದು ನಮಗೆ ಸಿಗುತ್ತದೆ. ಅಂಬಲಟ್ಠಿಕದಲ್ಲಿದ್ದ ರಾಹುಲನ ಬಳಿಗೆ ಬುದ್ಧ ಬರುತ್ತಾನೆ. ಮಗ ಆಸನ ಹಾಕಿ ಕಾಲಿಗೆ ನೀರು ಕೊಡುತ್ತಾನೆ. ಕಾಲು ತೊಳೆದು ಪಾತ್ರೆಯಲ್ಲಿ ಒಂಚೂರು ನೀರು ಉಳಿಸಿ ಬುದ್ಧ ಕೇಳುತ್ತಾನೆ: ಈ ನೀರು ಕಂಡಿತೇ? ಬೇಕೆಂದೇ ಸುಳ್ಳು ಹೇಳಿ ನಾಚದವರ ಸಾಧನೆಯೂ ಇಷ್ಟೇ. ನೀರು ಚೆಲ್ಲುತ್ತಾನೆ, ಪಾತ್ರೆ ಬೋರಲು ಹಾಕುತ್ತಾನೆ, ಒಂದೊಂದಕ್ಕೂ ಒಂದು ಮಾತು. ಆಮೇಲೆ ಕನ್ನಡಿ ಯಾಕೆ ಇರುವುದು ಎಂದು ಕೇಳುತ್ತಾನೆ. ನೋಡಿಕೊಳ್ಳಲು, ಎನ್ನುತ್ತಾನೆ ಹುಡುಗ. ಹಾಗೆಯೇ ಮಾಡುವ ಮುಂಚೆ ನೋಡಿಕೋ, ಮಾಡುತ್ತಿರುವಾಗ ನೋಡಿಕೋ, ಮಾಡಿದ ಮೇಲೂ ನೋಡಿಕೋ. ಇದರಿಂದ ನನಗೋ ಇನ್ನೊಬ್ಬರಿಗೋ ನೋವಾಗುತ್ತದೆಯೇ ಎಂದು. ನೋವಾಗಿದ್ದರೆ ಗುರುವಿನ ಬಳಿಯೋ ತಿಳಿದ ಒಡನಾಡಿಯ ಬಳಿಯೋ ಹೇಳಿಕೋ, ಮುಂದೆ ಎಚ್ಚರವಿರು. ಈ ಪಾಠವನ್ನು ಮಗನ ಕಡೆಯಿಂದ ಒಮ್ಮೆ ಓದಿ, ತಂದೆಯ ಕಡೆಯಿಂದ ಇನ್ನೊಮ್ಮೆ ಓದಿ. ರೇಗಿದ ಮೇಲೆ ನೋಡಿಕೊಂಡರೂ ಅದು ನೋಡಿಕೊಂಡದ್ದೇ. ಬುದ್ಧ ಆ ಮೂರನೆಯ ಅವಕಾಶವನ್ನು ಬಿಟ್ಟಿಲ್ಲ.

ಇವರೆಲ್ಲ ಸಂನ್ಯಾಸಿಗಳು, ನಾನು ಸಂಸಾರಿ ಎಂದು ನಿಮ್ಮ ಮನಸ್ಸು ಹೇಳುತ್ತಿರಬಹುದು. ಹಾಗಿದ್ದರೆ ಮೊದಲು ಅನಾಥಪಿಂಡಿಕನ ಕೊನೆಯ ದಿನವನ್ನು ಓದಿ. ಅದೇ ಮಜ್ಝಿಮ ನಿಕಾಯದ 143ನೆಯ ಸುತ್ತ. ಸಾವತ್ಥಿಯ ಸೆಟ್ಟಿ, ಜೇತವನ ಕೊಂಡು ವಿಹಾರ ಕಟ್ಟಿಸಿದವನು, ಹಾಸಿಗೆ ಹಿಡಿದಿದ್ದಾನೆ. ತಲೆಗೆ ತೊಗಲಿನ ಪಟ್ಟಿ ಬಿಗಿದ ಹಾಗೆ ನೋವು. ಸಾರಿಪುತ್ತ ನೋಡಲು ಬರುತ್ತಾನೆ, ಜೊತೆಗೆ ಆನಂದ. ಕಣ್ಣಿಗೆ ಅಂಟಿಕೊಳ್ಳಬೇಡ, ಕಿವಿಗೆ ಅಂಟಿಕೊಳ್ಳಬೇಡ, ಕಂಡದ್ದಕ್ಕೆ ಕೇಳಿದ್ದಕ್ಕೆ ಅಂಟಿಕೊಳ್ಳಬೇಡ ಎಂದು ಸಾರಿಪುತ್ತ ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಕೇಳುತ್ತ ಕೇಳುತ್ತ ಸೆಟ್ಟಿಯ ಕಣ್ಣಲ್ಲಿ ನೀರು. ಆನಂದ ಕೇಳುತ್ತಾನೆ: 'ಗಹಪತಿ, ಕುಗ್ಗಿಹೋಗುತ್ತಿದ್ದೀಯಾ?'

'ಕುಗ್ಗುತ್ತಿಲ್ಲ ಭಂತೇ. ಇಷ್ಟು ಕಾಲ ಗುರುಗಳ ಸೇವೆ ಮಾಡಿದೆ, ಇಂಥ ಮಾತನ್ನು ಈವರೆಗೆ ಕೇಳಿರಲಿಲ್ಲ.'

ಬಿಳಿಬಟ್ಟೆಯ ಗೃಹಸ್ಥರಿಗೆ ಇಂಥ ಮಾತು ಹೇಳುವುದಿಲ್ಲ, ಮನೆ ಬಿಟ್ಟ ಪ್ರವ್ರಜಿತರಿಗೆ ಹೇಳುತ್ತೇವೆ ಎಂದು ಉತ್ತರ ಬರುತ್ತದೆ. ಆಗ ಸಾಯುತ್ತ ಮಲಗಿದ ಆ ಸಂಸಾರಿ ಸಾರಿಪುತ್ತನನ್ನು ಬೇಡಿಕೊಳ್ಳುತ್ತಾನೆ: 'ಹಾಗಾದರೆ ಬಿಳಿಬಟ್ಟೆಯವರಿಗೂ ಹೇಳಿ. ಕಣ್ಣಲ್ಲಿ ಧೂಳು ಕಡಿಮೆ ಇರುವವರು ನಮ್ಮಲ್ಲೂ ಇದ್ದಾರೆ.'

ಇದನ್ನು ಓದಿದ ಮೇಲೆ ಪಟಾಚಾರೆ, ಆಮೇಲೆ ರಾಹುಲನ ಪಾಠ, ಅದಾದ ಮೇಲೆ ಆನಂದ. ಒಂದೊಂದಕ್ಕೆ ಒಂದು ತಿಂಗಳು ತೆಗೆದುಕೊಳ್ಳಿ, ರಾತ್ರಿ ಕಾಲು ತೊಳೆದು ಬಂದ ಮೇಲೆ ಎರಡು ಪುಟ ಸಾಕು. ನಾಳೆ ಬೆಳಗಿನ ಜಾವ ತೂಕಡಿಕೆ ಬಂದರೆ ಎರಡೂ ಕಿವಿ ಎಳೆದುಕೊಳ್ಳಿ. ಅದಕ್ಕೂ ಹೋಗದಿದ್ದರೆ ಎದ್ದು ಮುಖಕ್ಕೆ ನೀರು ಹಾಕಿಕೊಂಡು ಅಂಗಳಕ್ಕೆ ಬನ್ನಿ, ಆ ಹೊತ್ತಿಗೆ ಇನ್ನೂ ನಕ್ಷತ್ರಗಳಿರುತ್ತವೆ.